ಒಂದು ಇಂಚು ಮಳೆಯೊಳಗೆ ಏನೇನಿದೆ

(ಮಡಿಕೇರಿಯಲ್ಲಿ ಬೆಳೆಗಾರರು, ಶಿಕ್ಷಕರು ಮತ್ತು ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭಿಕರೇ,

ಮಾರ್ಚ್ ತಿಂಗಳು ಬಂತೆಂದರೆ ಕೊಡಗಿನಲ್ಲಿ ಕಾಫಿ ಬೆಳೆಗಾರರು ಒಬ್ಬರಿಗೊಬ್ಬರು ಎದುರಾದಾಗ ಕೇಳುವ ಮೊದಲ ಮಾತು ‘ನಿಮ್ಮಲ್ಲಿ ಎಷ್ಟು ಬಿತ್ತು?’ ಎಂಬುದು. ಉತ್ತರ ಇಂಚು ಮತ್ತು ಸೆಂಟಿನ ಲೆಕ್ಕದಲ್ಲಿ ಬರುತ್ತದೆ. ಇಂಚಿನ ನೂರನೆಯ ಒಂದು ಭಾಗ ಒಂದು ಸೆಂಟ್. ಹವಾಮಾನ ಇಲಾಖೆಯ ವರದಿಗಳೆಲ್ಲ ಮಿಲಿಮೀಟರಿನಲ್ಲಿದ್ದರೂ ತೋಟದ ಮಳೆ ಮಾಪಕದ ಪಕ್ಕದಲ್ಲಿಡುವ ಪುಸ್ತಕದಲ್ಲಿ ಈ ಹಳೆಯ ಅಳತೆಯೇ ಉಳಿದುಕೊಂಡಿದೆ. ಆದ್ದರಿಂದ ನಾನೂ ಇಂದು ಅದೇ ಅಳತೆಯನ್ನು ಹಿಡಿದು, ಒಂದು ಎಕರೆ ತೋಟದ ಮೇಲೆ ಬೀಳುವ ಒಂದು ಇಂಚು ಮಳೆಯ ಬಗ್ಗೆ ಮಾತ್ರ ಮಾತನಾಡುತ್ತೇನೆ. ಆ ಒಂದು ಇಂಚು ಏನು ಮಾಡಬಲ್ಲದು ಎಂಬುದು ನೀರಿನ ಪ್ರಮಾಣದಿಂದ ತೀರ್ಮಾನವಾಗುವುದಕ್ಕಿಂತ ಹೆಚ್ಚಾಗಿ ಅದಕ್ಕೂ ಮೊದಲಿನ ದಿನಗಳಲ್ಲಿ ನೆಲ ಮತ್ತು ಗಿಡ ಎಷ್ಟು ಒಣಗಿದ್ದವು, ಎಷ್ಟು ನೆನೆದಿದ್ದವು ಎಂಬುದರಿಂದ ತೀರ್ಮಾನವಾಗುತ್ತದೆ ಎನ್ನುವುದು ನನ್ನ ವಾದ.

ಮೊದಲು ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಒಂದು ಇಂಚೆಂದರೆ 25.4 ಮಿಲಿಮೀಟರ್, ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರ್. ಗುಣಿಸಿ ನೋಡಿದರೆ ಒಂದು ಎಕರೆಗೆ ಬಿದ್ದ ಒಂದು ಇಂಚು ಮಳೆ ಒಂದು ಲಕ್ಷ ಲೀಟರಿಗಿಂತ ಸ್ವಲ್ಪ ಹೆಚ್ಚಾಗುತ್ತದೆ, ಅಂದರೆ ನೂರು ಟನ್ನಿಗೂ ಮೀರಿದ ತೂಕ. ಸ್ಪ್ರಿಂಕ್ಲರ್ ಇಟ್ಟುಕೊಂಡು ಕೆರೆಯ ನೀರನ್ನು ಎತ್ತಿ ಹಾಕುವವರಿಗೆ ಈ ಅಂಕಿಯ ಭಾರ ಡೀಸೆಲಿನ ಖರ್ಚಿನ ಮೂಲಕವೇ ಗೊತ್ತಿರುತ್ತದೆ.

ಈ ನೂರು ಟನ್ ನೀರು ಮೋಡದಲ್ಲಿ ಹನಿಯಾಗುವ ಮೊದಲು ಕಣ್ಣಿಗೆ ಕಾಣದ ಆವಿಯಾಗಿತ್ತು. ಆವಿ ನೀರಾಗುವಾಗ, ಹಿಂದೆ ಆವಿಯಾಗಲು ಹೀರಿಕೊಂಡಿದ್ದ ಶಾಖವನ್ನು ಹಿಂತಿರುಗಿಸುತ್ತದೆ. ಒಂದು ಕಿಲೋಗ್ರಾಂ ನೀರಿಗೆ ಈ ಶಾಖ ಸುಮಾರು 24.5 ಲಕ್ಷ ಜೂಲ್. ನಮ್ಮ ಒಂದು ಎಕರೆಯ ಒಂದು ಇಂಚಿಗೆ ಇದನ್ನು ಅನ್ವಯಿಸಿ, ವಿದ್ಯುತ್ ಬಿಲ್ಲಿನ ಭಾಷೆಗೆ ತಂದರೆ ಸುಮಾರು 70 ಸಾವಿರ ಯೂನಿಟ್ ಆಗುತ್ತದೆ. ತಿಂಗಳಿಗೆ ನೂರು ಯೂನಿಟ್ ಬಳಸುವ ಮನೆಗೆ ಇದು ಐವತ್ತೆಂಟು ವರ್ಷಗಳ ವಿದ್ಯುತ್ತು. ಇಷ್ಟು ಶಾಖ ಒಂದೇ ಎಕರೆಯ ಮೇಲಿನ ಮೋಡದಲ್ಲಿ ಒಂದು ಮಧ್ಯಾಹ್ನ ಬಿಡುಗಡೆಯಾಗುತ್ತದೆ. ಸುತ್ತಲಿನ ಗಾಳಿ ಬಿಸಿಯಾಗಿ ಹಗುರವಾಗುತ್ತದೆ, ಇನ್ನಷ್ಟು ಮೇಲೇರುತ್ತದೆ, ಮತ್ತಷ್ಟು ಆವಿ ನೀರಾಗುತ್ತದೆ. ಬೆಳಿಗ್ಗೆ ತಿಳಿಯಾಗಿದ್ದ ಆಕಾಶ ಮಧ್ಯಾಹ್ನ ಮೂರು ಗಂಟೆಗೆ ಕಪ್ಪಾಗಿ, ಗುಡುಗು ಮಿಂಚುಗಳೊಂದಿಗೆ, ಕೆಲವೊಮ್ಮೆ ಆಲಿಕಲ್ಲಿನೊಂದಿಗೆ ಸುರಿಯುವುದಕ್ಕೆ ಬೇಕಾದ ಬಲ ಬರುವುದು ಇಲ್ಲಿಂದಲೇ.

ಜುಲೈ ತಿಂಗಳ ಮಳೆಯ ಸ್ವಭಾವ ಬೇರೆ. ಆಗ ಅರಬ್ಬೀ ಸಮುದ್ರದ ತೇವಭರಿತ ಗಾಳಿಯನ್ನು ಘಟ್ಟದ ಗೋಡೆಯೇ ಮೇಲಕ್ಕೆತ್ತುತ್ತದೆ. ಮೇಲೇರುವ ಗಾಳಿ ಪ್ರತಿ ಕಿಲೋಮೀಟರಿಗೆ ಸುಮಾರು ಹತ್ತು ಡಿಗ್ರಿಯಂತೆ ತಣಿಯುತ್ತಾ ಹೋಗಿ, ಒಂದು ಎತ್ತರದಲ್ಲಿ ತನ್ನಲ್ಲಿರುವ ಆವಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಮೋಡವಾಗುತ್ತದೆ. ಗುಡುಗು ಕಡಿಮೆ, ಬಿಡುವಿಲ್ಲದ ಸುರಿತ ಹೆಚ್ಚು. ಭಾಗಮಂಡಲದ ಕಡೆ ನೀರು ಇಳಿಸಿದ ಗಾಳಿ ಪೂರ್ವಕ್ಕೆ ಇಳಿಯುವಾಗ ಮತ್ತೆ ಬಿಸಿಯಾಗಿ ಒಣಗುವುದರಿಂದ, ಮಡಿಕೇರಿಯಿಂದ ಮೂವತ್ತು ಕಿಲೋಮೀಟರ್ ದೂರದ ಕುಶಾಲನಗರದಲ್ಲಿ ಮಳೆ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.

ಮೋಡದಲ್ಲಿರುವ ಹನಿಗಳು ಬಹಳ ಚಿಕ್ಕವು. ಒಂದು ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು ಅಗಲದ ಇಂತಹ ಸುಮಾರು ಹತ್ತು ಲಕ್ಷ ಹನಿಗಳು ಸೇರಿದರೆ ನಾವು ನೋಡುವ ಎರಡು ಮಿಲಿಮೀಟರಿನ ಒಂದು ಮಳೆಹನಿ. ಅದರ ಆಕಾರವೂ ಪಠ್ಯಪುಸ್ತಕದ ಚಿತ್ರಗಳಲ್ಲಿ ಬರೆದಂತೆ ಮೇಲೆ ಚೂಪಾಗಿ ಕೆಳಗೆ ದುಂಡಗೆ ಇರುವುದಿಲ್ಲ. ಚಿಕ್ಕ ಹನಿ ಪೂರ್ತಿ ಗೋಲವಾಗಿರುತ್ತದೆ. ದೊಡ್ಡದಾಗುತ್ತಾ ಹೋದಂತೆ ಎದುರಿನ ಗಾಳಿಯ ಒತ್ತಡಕ್ಕೆ ಅದರ ತಳ ಚಪ್ಪಟೆಯಾಗುತ್ತದೆ. ಐದಾರು ಮಿಲಿಮೀಟರ್ ದಾಟಿದರೆ ಸಾಮಾನ್ಯವಾಗಿ ಒಡೆದುಹೋಗುತ್ತದೆ. ಶಿಕ್ಷಕರಾದವರು ಕಪ್ಪುಹಲಗೆಯ ಮೇಲೆ ಮಳೆಹನಿಯನ್ನು ಬರೆಯುವಾಗ ಇದನ್ನು ನೆನಪಿಡಬೇಕೆಂದು ಕೇಳಿಕೊಳ್ಳುತ್ತೇನೆ.

ಇನ್ನು ಹನಿ ನೆಲ ಮುಟ್ಟುವ ಕ್ಷಣಕ್ಕೆ ಬರೋಣ. ಬೇಸಿಗೆಯ ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯನ್ನು ಎಲ್ಲರೂ ಬಲ್ಲೆವು. ಆಸ್ಟ್ರೇಲಿಯದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು 1964ರಲ್ಲಿ ಇದನ್ನು ಕುರಿತು ಪ್ರಬಂಧ ಪ್ರಕಟಿಸಿ, ಈ ವಾಸನೆಗೆ ಪೆಟ್ರಿಕೋರ್ ಎಂಬ ಹೆಸರನ್ನಿಟ್ಟರು. ಒಣಗಿದ ಕಲ್ಲು ಮತ್ತು ಜೇಡಿಮಣ್ಣನ್ನು ಹಬೆಯಲ್ಲಿ ಬಟ್ಟಿ ಇಳಿಸಿದಾಗ ಅವರಿಗೆ ಹಳದಿ ಬಣ್ಣದ ಒಂದು ಎಣ್ಣೆ ಸಿಕ್ಕಿತು. ಒಣ ದಿನಗಳಲ್ಲಿ ಗಿಡಮರಗಳಿಂದ ಹೊರಟು ಗಾಳಿಯಲ್ಲಿ ತೇಲುವ ಹಲವು ವಸ್ತುಗಳನ್ನು ಮಣ್ಣು ಮತ್ತು ಕಲ್ಲಿನ ಸಣ್ಣ ಸಣ್ಣ ರಂಧ್ರಗಳು ಹೀರಿಟ್ಟುಕೊಂಡಿರುತ್ತವೆ. ಮಳೆಗೆ ಮುನ್ನ ತೇವ ಏರಿದಾಗ ನೀರಿನ ಅಣುಗಳು ಆ ರಂಧ್ರಗಳೊಳಗೆ ಹೋಗಿ ಅವುಗಳನ್ನು ಹೊರದೂಡುತ್ತವೆ. ಉತ್ತರ ಪ್ರದೇಶದ ಕನೌಜಿನ ಅತ್ತರು ತಯಾರಕರು ಸುಟ್ಟ ಮಣ್ಣನ್ನು ಬಟ್ಟಿ ಇಳಿಸಿ, ಆ ವಾಸನೆಯನ್ನು ಗಂಧದೆಣ್ಣೆಯಲ್ಲಿ ಹಿಡಿಯುವ ವಿದ್ಯೆಯನ್ನು ಬಹಳ ಹಿಂದಿನಿಂದಲೂ ನಡೆಸಿಕೊಂಡು ಬಂದಿದ್ದಾರೆ. ಈ ಎಣ್ಣೆ ಬೀಜ ಮೊಳೆಯುವುದನ್ನು ನಿಧಾನಗೊಳಿಸುತ್ತದೆ ಎಂಬುದನ್ನೂ ಬೇರ್ ಮತ್ತು ಥಾಮಸ್ ಮರುವರ್ಷ ತೋರಿಸಿದರು.

ಮಣ್ಣಿನ ವಾಸನೆಯ ಇನ್ನೊಂದು ಮೂಲ ಜೀವಿಗಳದ್ದು. ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಕ್ಷಯರೋಗಕ್ಕೆ ಮೊದಲ ಸಮರ್ಥ ಔಷಧವಾದ ಸ್ಟ್ರೆಪ್ಟೊಮೈಸಿನ್ ದೊರೆತದ್ದೂ ಈ ಕುಲದಿಂದಲೇ. ಬೀಟ್‌ರೂಟಿನಲ್ಲಿ ಕೆಲವರಿಗೆ ಹಿಡಿಸದ ಮಣ್ಣಿನ ರುಚಿಯೂ ಜಿಯೋಸ್ಮಿನ್‌ನದ್ದೇ. ನಮ್ಮ ಮೂಗು ಇದಕ್ಕೆ ಎಷ್ಟು ಸೂಕ್ಷ್ಮವೆಂದರೆ ಒಂದು ಲೀಟರ್ ನೀರಿನಲ್ಲಿ ಹತ್ತು ನ್ಯಾನೋಗ್ರಾಂ ಇದ್ದರೂ ಅನೇಕರು ಗುರುತಿಸುತ್ತಾರೆ. ಮೊದಲು ಹಾಕಿದ ಲೆಕ್ಕವನ್ನೇ ಮುಂದುವರಿಸಿದರೆ, ಒಂದು ಎಕರೆಯ ಮೇಲೆ ಬಿದ್ದ ಒಂದು ಲಕ್ಷ ಲೀಟರ್ ನೀರಿಗೆಲ್ಲ ಮಣ್ಣಿನ ವಾಸನೆ ಹತ್ತಿಸಲು ಒಂದೇ ಒಂದು ಮಿಲಿಗ್ರಾಂ ಸಾಕು. ಬ್ಯಾಕ್ಟೀರಿಯಾ ಇದನ್ನು ಏಕೆ ತಯಾರಿಸುತ್ತದೆ ಎಂಬ ಪ್ರಶ್ನೆಗೆ 2020ರಲ್ಲಿ ಒಂದು ಸುಂದರವಾದ ಉತ್ತರ ಪ್ರಕಟವಾಯಿತು. ಬೀಜಕಗಳನ್ನು ಮಾಡಿಕೊಳ್ಳುವ ಹೊತ್ತಿಗೆ ಅದು ಈ ವಾಸನೆಯನ್ನು ಬಿಡುತ್ತದೆ. ಮಣ್ಣಿನಲ್ಲಿರುವ ಸ್ಪ್ರಿಂಗ್‌ಟೇಲ್ ಎಂಬ ಅತಿ ಚಿಕ್ಕ ಜಿಗಿಯುವ ಜೀವಿಗಳು ವಾಸನೆ ಹಿಡಿದು ಬಂದು ಆ ಬ್ಯಾಕ್ಟೀರಿಯಾವನ್ನು ತಿನ್ನುತ್ತವೆ. ಮೈಗೆ ಅಂಟಿದ ಮತ್ತು ಹೊಟ್ಟೆಗೆ ಸೇರಿದ ಬೀಜಕಗಳು ಅವುಗಳ ಜೊತೆಯಲ್ಲಿ ಬೇರೆಡೆಗೆ ಪ್ರಯಾಣಿಸುತ್ತವೆ. ನಮ್ಮ ಸಂತೋಷ ಈ ವ್ಯವಹಾರದಲ್ಲಿ ಆಕಸ್ಮಿಕ.

ವಾಸನೆ ನೆಲದಿಂದ ಮೂಗಿಗೆ ಹೇಗೆ ಬರುತ್ತದೆ ಎಂಬುದನ್ನು ಅಮೆರಿಕದ ಎಂಐಟಿಯ ಸಂಶೋಧಕರು 2015ರಲ್ಲಿ ಅತಿವೇಗದ ಕ್ಯಾಮರಾದಿಂದ ಚಿತ್ರಿಸಿದರು. ರಂಧ್ರಗಳಿರುವ ಒಣ ನೆಲಕ್ಕೆ ಹನಿ ಬಿದ್ದಾಗ ಅದರ ಅಡಿಯಲ್ಲಿ ಗಾಳಿಯ ಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ಅವು ಹನಿಯೊಳಗೆ ಮೇಲೇರಿ ಒಡೆಯುವಾಗ ಅತಿಸೂಕ್ಷ್ಮ ತುಂತುರು ಚಿಮ್ಮುತ್ತದೆ. ಆ ತುಂತುರನ್ನು ಗಾಳಿ ಹೊತ್ತೊಯ್ಯುತ್ತದೆ. ಬಿರುಸಿನ ಮಳೆಗಿಂತ ಹಗುರವಾದ ಮತ್ತು ಸಾಧಾರಣ ಮಳೆಯಲ್ಲಿ ಇದು ಹೆಚ್ಚು. ನೆಲ ಆಗಲೇ ತೊಯ್ದಿದ್ದರೆ ರಂಧ್ರಗಳಲ್ಲಿ ಗಾಳಿಯ ಬದಲು ನೀರೇ ತುಂಬಿರುವುದರಿಂದ ಗುಳ್ಳೆಗಳು ಏಳುವ ಅವಕಾಶವೇ ಕಡಿಮೆ. ಜುಲೈಯಲ್ಲಿ ಎಷ್ಟು ಮಳೆ ಬಿದ್ದರೂ ಮಾರ್ಚಿನ ಆ ಪರಿಮಳ ಬಾರದಿರುವುದಕ್ಕೆ ಇದೊಂದು ಕಾರಣ, ಒಣ ದಿನಗಳ ಸಂಗ್ರಹ ಖಾಲಿಯಾಗಿರುವುದು ಇನ್ನೊಂದು.

ಈಗ ಇಲ್ಲಿ ಸೇರಿರುವ ಬಹುಪಾಲು ಜನರಿಗೆ ಹತ್ತಿರವಾದ ವಿಷಯ: ಹೂಮಳೆ. ಮುಂಗಾರು ಮುಗಿದು ಹಗಲು ಚಿಕ್ಕದಾಗುತ್ತಾ ಬಂದಾಗ ಕಾಫಿ ಗಿಡದ ಗಿಣ್ಣುಗಳಲ್ಲಿ ಮೊಗ್ಗುಗಳು ಮೂಡುತ್ತವೆ. ಕೆಲವು ಮಿಲಿಮೀಟರ್ ಉದ್ದವಾದ ಮೇಲೆ ಅವು ಬೆಳೆಯುವುದನ್ನು ನಿಲ್ಲಿಸಿ, ವಾರಗಟ್ಟಲೆ ಹಾಗೆಯೇ ಇರುತ್ತವೆ. ನಮ್ಮ ಎರಡು ಕಾಫಿ ಜಾತಿಗಳಲ್ಲಿ ರೋಬಸ್ಟಾಗೆ ಫೆಬ್ರವರಿ ಕೊನೆಯಿಂದ ಮಾರ್ಚಿನವರೆಗೆ, ಅರೇಬಿಕಾಗೆ ಮಾರ್ಚಿನಿಂದ ಏಪ್ರಿಲಿನವರೆಗೆ, ಒಂದು ಇಂಚಿನ ಆಸುಪಾಸಿನ ಮಳೆ ಬಿದ್ದರೆ ಮೊಗ್ಗುಗಳು ಎಚ್ಚೆತ್ತು ಊದಿಕೊಂಡು, ಎಂಟು ಹತ್ತು ದಿನಗಳಲ್ಲಿ ಇಡೀ ತೋಟ ಒಟ್ಟಿಗೆ ಬೆಳ್ಳಗಾಗುತ್ತದೆ. ಮಳೆ ಕಡಿಮೆಯಾದರೆ ಮೊಗ್ಗು ಅರ್ಧಕ್ಕೆ ನಿಂತುಹೋಗುವುದನ್ನೂ, ಹೂ ಬಿಟ್ಟ ಕೆಲವು ವಾರಗಳೊಳಗೆ ಬ್ಯಾಕಿಂಗ್ ಮಳೆ, ಅಂದರೆ ಹೂಮಳೆಯ ಬೆನ್ನಿಗೆ ಬರಬೇಕಾದ ಎರಡನೆಯ ಮಳೆ, ಬಾರದಿದ್ದರೆ ಕಾಯಿ ಸರಿಯಾಗಿ ಕಚ್ಚದಿರುವುದನ್ನೂ ನೀವೆಲ್ಲರೂ ಕಂಡಿದ್ದೀರಿ.

ಇದನ್ನು ನೋಡಿದ ಯಾರಾದರೂ ಗಿಡಕ್ಕೆ ಬೇಕಾಗಿದ್ದದ್ದು ನೀರು ಎಂದೇ ಹೇಳುತ್ತಾರೆ. ಆದರೆ ಬ್ರೆಜಿಲ್‌ನ ಸಸ್ಯ ವಿಜ್ಞಾನಿ ಪೌಲೊ ಆಲ್ವಿಮ್ 1960ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯೇ ಮಾತನ್ನು ಹೇಳಿತು. ನಿರಂತರವಾಗಿ ನೀರುಂಡ ಕಾಫಿ ಗಿಡಗಳ ಮೊಗ್ಗುಗಳು ತೆರೆಯದೆ ಉಳಿದವು. ಒಣಗಲು ಬಿಟ್ಟು ಆಮೇಲೆ ನೀರು ಕೊಟ್ಟ ಗಿಡಗಳು ಅರಳಿದವು. ಮೊಗ್ಗಿನ ನಿದ್ರೆಯನ್ನು ಕಳೆಯಲು ಮೊದಲು ಬರ ಬೇಕು, ಅದರ ಹಿಂದೆಯೇ ನೀರು ಬೇಕು. ಈ ಎರಡರಲ್ಲಿ ಯಾವ ಒಂದೂ ಸಾಲದು.

ಗಿಡ ಒಣಗುವುದು ಎಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನಾನು ಓದಿದ ಸಸ್ಯ ವಿಜ್ಞಾನದಲ್ಲಿ ನನ್ನನ್ನು ಇಷ್ಟು ಬೆರಗುಗೊಳಿಸಿದ ಸಂಗತಿ ಬೇರೊಂದಿಲ್ಲ. ಬೇರಿನಿಂದ ಎಲೆಯವರೆಗೆ ಕೂದಲಿಗಿಂತಲೂ ಸಣ್ಣ ನಳಿಗೆಗಳಲ್ಲಿ ನಿಂತ ನೀರನ್ನು ಕೆಳಗಿನಿಂದ ಯಾವ ಪಂಪೂ ತಳ್ಳುತ್ತಿಲ್ಲ. ಎಲೆಯಿಂದ ನೀರು ಆವಿಯಾಗಿ ಹೋಗುತ್ತಿದ್ದಂತೆ ಅದರ ಹಿಂದಿನ ನೀರು ಮೇಲಕ್ಕೆ ಸೆಳೆಯಲ್ಪಡುತ್ತದೆ; ನೀರಿನ ಅಣುಗಳು ಒಂದನ್ನೊಂದು ಬಿಡದೆ ಹಿಡಿದುಕೊಂಡಿರುವುದರಿಂದ ಇಡೀ ನೀರಿನ ಎಳೆ ಬೇರಿನವರೆಗೂ ಬಿಗಿಯಾಗಿ ಎಳೆಯಲ್ಪಟ್ಟಿರುತ್ತದೆ. 1894ರಲ್ಲಿ ಐರ್ಲೆಂಡಿನ ಹೆನ್ರಿ ಡಿಕ್ಸನ್ ಮತ್ತು ಜಾನ್ ಜೋಲಿ ಈ ವಿವರಣೆಯನ್ನು ಮುಂದಿಟ್ಟಾಗ, ನೀರನ್ನು ಹಗ್ಗವನ್ನು ಎಳೆಯುವಂತೆ ಎಳೆಯಬಹುದೆಂಬ ಮಾತನ್ನು ಅರಗಿಸಿಕೊಳ್ಳುವುದು ಹಲವರಿಗೆ ಕಷ್ಟವಾಯಿತು. 1965ರಲ್ಲಿ ಪರ್ ಶೋಲಾಂಡರ್ ಮತ್ತು ಅವರ ಸಹೋದ್ಯೋಗಿಗಳು, ಕತ್ತರಿಸಿದ ರೆಂಬೆಯನ್ನು ಒತ್ತಡದ ಕೋಣೆಯಲ್ಲಿಟ್ಟು ಆ ಸೆಳೆತವನ್ನು ಅಳೆಯುವ ಉಪಾಯವನ್ನು ವ್ಯಾಪಕವಾಗಿ ಬಳಸಿ ತೋರಿಸಿದರು. ಮುಂದೆ ಅದೇ ಉಪಕರಣದಿಂದ ಕಾಫಿ ಗಿಡವನ್ನು ಪರೀಕ್ಷಿಸಿದವರಿಗೆ, ಬೆಳಗಿನ ಜಾವ ಎಲೆಯೊಳಗಿನ ಸೆಳೆತ ವಾತಾವರಣದ ಒತ್ತಡದ ಎಂಟು ಪಟ್ಟಿನಷ್ಟು ಏರಿದ ಮೇಲೆ ನೀರು ಸಿಕ್ಕರೆ ಮೊಗ್ಗುಗಳು ಸರಿಯಾಗಿ ಅರಳುತ್ತವೆ ಎಂದು ಕಂಡುಬಂತು. ಮಳೆ ಬಿದ್ದಾಗ ಈ ಸೆಳೆತ ಥಟ್ಟನೆ ಸಡಿಲವಾಗುತ್ತದೆ. ಮೊಗ್ಗಿನೊಳಕ್ಕೆ ನೀರು ನುಗ್ಗುತ್ತದೆ, ಬೆಳವಣಿಗೆಯನ್ನು ತಡೆಹಿಡಿದಿದ್ದ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಇಳಿಯುತ್ತದೆ, ಬೆಳವಣಿಗೆಯನ್ನು ಪ್ರಚೋದಿಸುವ ಗಿಬ್ಬರೆಲಿನ್ ಏರುತ್ತದೆ.

ಫೆಬ್ರವರಿಯಲ್ಲಿ ಎಲೆ ಬಾಡಿದ್ದನ್ನು ನೋಡಲಾರದೆ, ಕೆರೆಯಲ್ಲಿ ನೀರಿದೆಯೆಂದು ಆಗಾಗ ಒಂದಿಷ್ಟು ಹಾಯಿಸುವವರಿಗೆ ನಾನು ಹೇಳಬೇಕೆಂದಿರುವುದು ಇದನ್ನೇ. ಬಾಡಿದ ಆ ದಿನಗಳಲ್ಲಿ ಗಿಡ ಸುಮ್ಮನಿರುವುದಿಲ್ಲ. ಹೆಚ್ಚುಕಡಿಮೆ ವರ್ಷವಿಡೀ ಮಳೆ ಹಂಚಿಹೋಗಿರುವ ಕೊಲಂಬಿಯದಂತಹ ನಾಡಿನಲ್ಲಿ ಒಂದೇ ಗಿಡದ ಮೇಲೆ ಹೂವು, ಹಸಿರು ಕಾಯಿ ಮತ್ತು ಕೆಂಪು ಹಣ್ಣು ಒಟ್ಟಿಗೆ ಇರುತ್ತವೆ. ಅಲ್ಲಿನ ಕೊಯ್ಲಿನವರು ಅದೇ ಗಿಡಕ್ಕೆ ಮತ್ತೆ ಮತ್ತೆ ಬಂದು ಹಣ್ಣನ್ನು ಆರಿಸಿ ಬಿಡಿಸಬೇಕಾಗುತ್ತದೆ. ನಮ್ಮಲ್ಲಿ ಹೂವು ಒಟ್ಟಿಗೆ ಬಂದು ಹಣ್ಣೂ ಹೆಚ್ಚುಕಡಿಮೆ ಒಟ್ಟಿಗೆ ಆಗುವುದು ಡಿಸೆಂಬರಿನಿಂದ ಮಾರ್ಚಿನವರೆಗಿನ ಒಣ ಹವೆಯ ಕೊಡುಗೆ.

ಅರಳಿದ ಹೂವು ಎರಡು ಮೂರು ದಿನ ಇರುತ್ತದೆ. ಅರೇಬಿಕಾ ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದು. ರೋಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು. ಆದ್ದರಿಂದ ರೋಬಸ್ಟಾ ತೋಟದಲ್ಲಿ ಆ ಎರಡು ಮೂರು ದಿನ ಗಾಳಿ ಮತ್ತು ಜೇನಿನ ಕೆಲಸಕ್ಕೆ ಬೆಲೆ ಕಟ್ಟಲಾಗದು. ಹೆಜ್ಜೇನು, ತುಡುವೆ ಜೇನುಗಳು ಹೂವಿಗೆ ಮರಳಿ ಮರಳಿ ಬರುವುದರ ಹಿಂದೆ ಸಕ್ಕರೆಯ ಜೊತೆ ಇನ್ನೊಂದು ಕಾರಣವೂ ಇರಬಹುದು. ಜೆರಾಲ್ಡಿನ್ ರೈಟ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಫಿ ಹೂವಿನ ಮಕರಂದದಲ್ಲಿಯೂ ಕೆಫೀನ್ ಇದೆಯೆಂದೂ, ಜೇನಿಗೆ ಕಹಿಯೆನಿಸದಷ್ಟು ಕಡಿಮೆ ಪ್ರಮಾಣದ ಆ ಕೆಫೀನ್ ಸೇವಿಸಿದ ಜೇನುಗಳಲ್ಲಿ ಒಂದು ದಿನದ ಬಳಿಕ ಹೂವಿನ ವಾಸನೆಯನ್ನು ನೆನಪಿಟ್ಟುಕೊಂಡವು ಬರಿಯ ಸಕ್ಕರೆ ನೀರು ಕುಡಿದವುಗಳ ಮೂರು ಪಟ್ಟು ಇದ್ದವೆಂದೂ ಕಂಡುಬಂತು. ಬೀಜದಲ್ಲಿ ಕೀಟವನ್ನು ದೂರವಿಡುವ ಕಹಿ ವಸ್ತುವೇ ಹೂವಿನಲ್ಲಿ ಸ್ನೇಹಿತರ ನೆನಪನ್ನು ಗಟ್ಟಿಮಾಡುತ್ತದೆ. ಹೂವಿನ ದಿನಗಳಲ್ಲಿ ಕೀಟನಾಶಕ ಹೊಡೆಯಬಾರದೆಂಬ ಹಿರಿಯರ ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಈ ಸಂದರ್ಭದಲ್ಲಿ ಒತ್ತಿ ಹೇಳುತ್ತೇನೆ.

ಇಷ್ಟು ಹೊತ್ತು ಮಾರ್ಚಿನ ಇಂಚಿನ ಮಾತಾಯಿತು. ಆಗಸ್ಟ್ ತಿಂಗಳಲ್ಲಿ ಅದೇ ಇಂಚು ಬೇರೆ ನೆಲದ ಮೇಲೆ ಬೀಳುತ್ತದೆ. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರು ಮೊದಲಾದ ಕಡೆ ಬೆಟ್ಟಗಳು ಜಾರಿದ್ದನ್ನು ಈ ಸಭೆಯಲ್ಲಿರುವ ಕೆಲವರು ಕಣ್ಣಾರೆ ಕಂಡಿದ್ದಾರೆ, ಕೆಲವರು ತಮ್ಮವರನ್ನೂ ಮನೆ ಗದ್ದೆಗಳನ್ನೂ ಕಳೆದುಕೊಂಡಿದ್ದಾರೆ. ಅವರ ಮುಂದೆ ಈ ವಿಷಯವನ್ನು ಎಚ್ಚರಿಕೆಯಿಂದಲೇ ಎತ್ತಿಕೊಳ್ಳುತ್ತೇನೆ. ಆದರೆ ಬಿಟ್ಟುಬಿಡುವುದು ಸರಿಯಲ್ಲ.

ಕಾವೇರಿಯ ದಡದಲ್ಲಿ ಮಕ್ಕಳು ಮರಳಿನಲ್ಲಿ ಗುಡ್ಡೆ ಕಟ್ಟುವುದನ್ನು ನೋಡಿ. ಒಣ ಮರಳು ನಿಲ್ಲುವುದಿಲ್ಲ, ತುಸು ಒದ್ದೆಯಾದ ಮರಳು ನೆಟ್ಟಗೆ ನಿಲ್ಲುತ್ತದೆ, ಇನ್ನಷ್ಟು ನೀರು ಸುರಿದರೆ ಕರಗಿ ಹರಿಯುತ್ತದೆ. ತುಸು ಒದ್ದೆಯಾದಾಗ ಕಣಗಳ ನಡುವೆ ನೀರಿನ ಸಣ್ಣ ಸೇತುವೆಗಳಿರುತ್ತವೆ. ಮೇಲ್ಮೈ ಸೆಳೆತದಿಂದ ಅವು ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿಯುತ್ತವೆ. ಎಲ್ಲ ಸಂದುಗಳೂ ನೀರಿನಿಂದ ತುಂಬಿದರೆ ಸೇತುವೆಗಳೇ ಇಲ್ಲವಾಗುತ್ತವೆ. ಅಷ್ಟೇ ಅಲ್ಲದೆ, ತುಂಬಿದ ನೀರಿನ ಒತ್ತಡ ಕಣಗಳನ್ನು ಪರಸ್ಪರ ದೂರ ತಳ್ಳುತ್ತದೆ. ಇಳಿಜಾರಿನಲ್ಲಿ ಮಣ್ಣು ನಿಂತಿರುವುದು ಕಣಕ್ಕೆ ಕಣ ಒತ್ತಿ ಉಂಟಾಗುವ ಘರ್ಷಣೆಯ ಬಲದಿಂದ. ಒತ್ತುವಿಕೆ ಕಡಿಮೆಯಾದಂತೆ ಘರ್ಷಣೆಯೂ ಕಡಿಮೆಯಾಗುತ್ತದೆ. 1920ರ ದಶಕದಲ್ಲಿ ಕಾರ್ಲ್ ಟೆರ್ಜಾಗಿ ಎಂಬ ಎಂಜಿನಿಯರ್ ರೂಪಿಸಿದ ಈ ತತ್ವ ಇಂದಿಗೂ ಮಣ್ಣಿನ ಯಂತ್ರಶಾಸ್ತ್ರದ ತಳಹದಿ. ನೀರು ಮಣ್ಣನ್ನು ಜಾರುವಂತೆ ನುಣುಪು ಮಾಡುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಿಜವಾಗಿ ಅದು ಮಣ್ಣಿನ ಭಾರವನ್ನು ಒಳಗಿನಿಂದ ಎತ್ತಿ ಹಿಡಿದುಬಿಡುತ್ತದೆ. ರಸ್ತೆಗೋ ಮನೆಗೋ ಬೆಟ್ಟದ ಬುಡವನ್ನು ನೇರವಾಗಿ ಕಡಿದಿದ್ದರೆ, ನೀರು ಹೋಗುವ ತೋಡನ್ನು ಮುಚ್ಚಿದ್ದರೆ, ಅಂಚಿನಲ್ಲಿದ್ದ ಆ ನೆಲಕ್ಕೆ ಉಳಿದಿದ್ದ ಆಸರೆಯೂ ಹೋಗುತ್ತದೆ.

ಆದ್ದರಿಂದ ಇವತ್ತು ನಾಲ್ಕು ಇಂಚು ಬಿತ್ತು ಎಂಬ ಒಂದೇ ಅಂಕಿಯಿಂದ ಅಪಾಯವನ್ನು ಅಳೆಯಲಾಗದು. ಜಲವಿಜ್ಞಾನಿಗಳು ಹಿಂದಿನ ಮಳೆಯನ್ನೂ ಸೇರಿಸಿ ಒಂದು ಸೂಚ್ಯಂಕವನ್ನು ಲೆಕ್ಕ ಹಾಕುತ್ತಾರೆ. ನಿನ್ನೆಯವರೆಗಿನ ಸೂಚ್ಯಂಕವನ್ನು 0.9ರಂತಹ ಒಂದು ಸಂಖ್ಯೆಯಿಂದ ಗುಣಿಸಿ ಅದಕ್ಕೆ ಇಂದಿನ ಮಳೆಯನ್ನು ಕೂಡಿಸುವುದು, ಅಷ್ಟೇ. ಗುಣಿಸುವ ಸಂಖ್ಯೆ ಮಣ್ಣಿನಿಂದ ಮಣ್ಣಿಗೆ ಬದಲಾಗುತ್ತದೆ. ನೀರು ಬೇಗ ಬಸಿದುಹೋಗುವ ನೆಲಕ್ಕೆ ಕಡಿಮೆ, ನಿಲ್ಲುವ ನೆಲಕ್ಕೆ ಹೆಚ್ಚು. 0.9ನ್ನೇ ಇಟ್ಟುಕೊಂಡರೆ, ಸತತ ಹತ್ತು ದಿನ ದಿನಕ್ಕೆ ಎರಡು ಇಂಚಿನಂತೆ ಮಳೆಯಾದಾಗ ಸೂಚ್ಯಂಕ ಸೊನ್ನೆಯಿಂದ 13 ಇಂಚಿಗೆ ಏರುತ್ತದೆ. ಆಮೇಲೆ ಒಂದು ವಾರ ಪೂರ್ತಿ ಹೊಳವಾದರೂ ಅದು ಆರಕ್ಕಿಂತ ಕೆಳಗೆ ಇಳಿಯುವುದಿಲ್ಲ. ಒಂದು ತಿಂಗಳು ಒಣಗಿದರೆ ಮಾತ್ರ ಅರ್ಧ ಇಂಚಿನ ಹತ್ತಿರ ಬರುತ್ತದೆ. ನಾಲ್ಕು ಇಂಚಿನ ಒಂದು ಮಳೆ ಆ ಅರ್ಧ ಇಂಚಿನ ನೆಲದ ಮೇಲೆ ಬೀಳುವುದಕ್ಕೂ ಹದಿಮೂರು ಇಂಚಿನ ನೆಲದ ಮೇಲೆ ಬೀಳುವುದಕ್ಕೂ ಇರುವ ವ್ಯತ್ಯಾಸವನ್ನು ಮಳೆ ಮಾಪಕ ತೋರಿಸುವುದಿಲ್ಲ, ಈ ಲೆಕ್ಕ ತೋರಿಸುತ್ತದೆ.

ಕೊಡಗಿನ ಎಷ್ಟೋ ಮನೆಗಳಲ್ಲಿ ತಲೆಮಾರುಗಳ ಮಳೆ ಪುಸ್ತಕಗಳಿವೆ. ಅವುಗಳಿಗೆ ಇನ್ನೊಂದು ಅಂಕಣವನ್ನು ಸೇರಿಸಿ, ಈ ಸೂಚ್ಯಂಕವನ್ನೂ ದಿನದಿನವೂ ಬರೆದಿಡಬೇಕೆಂದು ಬೆಳೆಗಾರರನ್ನು ಕೇಳುತ್ತೇನೆ; ಶಾಲೆಯ ಮಕ್ಕಳೂ ಮಾಡಬಲ್ಲ ಗಣಿತವಿದು. ಬೇಸಿಗೆಯಲ್ಲಿ ಮೊಗ್ಗುಗಳಿಗೆ ಸಿಕ್ಕ ಬರ ಎಷ್ಟು ಎಂಬುದರ ಅಂದಾಜೂ ಅದೇ ಅಂಕಣದಲ್ಲಿ ಸಿಗುತ್ತದೆ. ಮಳೆಗಾಲದಲ್ಲಿ ಅದು ಏರುತ್ತಲೇ ಹೋಗುತ್ತಿದ್ದರೆ ಮನೆಯ ಹಿಂದಿನ ಇಳಿಜಾರನ್ನು ದಿನವೂ ಹೋಗಿ ನೋಡಿ. ಹಿಂದೆಂದೂ ಇಲ್ಲದ ಕಡೆ ಒರತೆ ಎದ್ದಿದ್ದರೆ, ತಿಳಿಯಾಗಿದ್ದ ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದರೆ ಅಥವಾ ನಿಂತರೆ, ನೆಲದಲ್ಲಿ ಅಡ್ಡಡ್ಡಲಾಗಿ ಬಿರುಕು ಕಂಡರೆ, ನೆಟ್ಟಗಿದ್ದ ಮರ ಅಥವಾ ಕಂಬ ವಾಲಿದ್ದರೆ, ಗೋಡೆ ಬಿರಿದು ಬಾಗಿಲು ಹಾಕಲಾಗದಂತಾದರೆ, ಮಳೆ ಬಿಟ್ಟಿದೆಯೆಂದು ಕಾಯದೆ ಅದೇ ಹೊತ್ತಿನಲ್ಲಿ ಮನೆಯವರನ್ನೂ ಕಾರ್ಮಿಕರ ಲೈನ್ ಮನೆಗಳಲ್ಲಿರುವವರನ್ನೂ ಕರೆದುಕೊಂಡು ಅಲ್ಲಿಂದ ಹೊರಟು, ಕೆಳಗಿನ ಮನೆಯವರಿಗೂ ಪಂಚಾಯಿತಿಗೂ ಸುದ್ದಿ ಮುಟ್ಟಿಸಿ.